ಕಲ್ಲು ಓದುವವರ ಹೊಟ್ಟೆಪಾಡು

ಹೊರನಾಡಿನ ಕನ್ನಡಿಗರ ಮನೆಯಲ್ಲಿ ಮಗನೋ ಮಗಳೋ ಇಂಜಿನಿಯರಿಂಗ್ ಓದುತ್ತೇನೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸಿ.ಎ. ಮಾಡುತ್ತೇನೆಂದರೆ ನೆಂಟರಿಗೆಲ್ಲ ಫೋನು ಹೋಗುತ್ತದೆ. ಪುರಾತತ್ತ್ವ ಓದುತ್ತೇನೆ, ಶಾಸನ ಓದುವುದನ್ನು ಕಲಿಯುತ್ತೇನೆ ಎಂದರೆ ಮಾತ್ರ ಮನೆಯ ಹಿರಿಯರೆಲ್ಲ ಸೇರಿ ಒಂದೇ ಪ್ರಶ್ನೆ ಕೇಳುತ್ತಾರೆ: "ಓದಿ ಆಮೇಲೆ ಹೊಟ್ಟೆಗೇನು ಮಾಡುತ್ತೀ?"

ಈ ಪ್ರಶ್ನೆ ಕೇಳುವವರನ್ನು ಮೂರ್ಖರೆಂದು ಬೈದು ಲೇಖನ ಬರೆಯುವುದು ಸುಲಭ. ನಾನು ಹಾಗೆ ಬೈಯಲಾರೆ. ಪೆರುಂಗುಡಿಯಂಥ ಕಡೆ ಮನೆ ಮಾಡಿ, ಹಳೆ ಮಹಾಬಲಿಪುರಂ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ದುಡಿದು, ಸಾಲದ ಕಂತು ಕಟ್ಟಿ, ಮಳೆಗಾಲದಲ್ಲಿ ಬೀದಿಯಲ್ಲಿ ನಿಂತ ನೀರನ್ನು ದಾಟಿ ಮಕ್ಕಳನ್ನು ಶಾಲೆಗೆ ಕಳಿಸುವ ತಂದೆತಾಯಿಗಳಿಗೆ ಅನ್ನದ ಪ್ರಶ್ನೆ ಕೇಳುವ ಹಕ್ಕಿದೆ. ಪ್ರಶ್ನೆ ಸರಿಯಾದದ್ದೇ. ಕೇಳುತ್ತಿರುವ ವಿಳಾಸ ಮಾತ್ರ ತಪ್ಪು. ಇಪ್ಪತ್ತು ವರ್ಷದ ಹುಡುಗಿಯನ್ನು ಕೇಳಿದರೆ ಅವಳು ಏನು ಹೇಳಿಯಾಳು? ಕನ್ನಡದ ಹಿರಿಮೆಯನ್ನು ವೇದಿಕೆಯ ಮೇಲೆ ಕೊಂಡಾಡುವ ಸರ್ಕಾರಗಳನ್ನು, ವಿಶ್ವವಿದ್ಯಾಲಯಗಳನ್ನು, ನಮ್ಮಂಥ ಸಂಘಗಳನ್ನು ಈ ಪ್ರಶ್ನೆ ಕೇಳಬೇಕು: ಶಾಸನ ಓದುವವರು ಬೇಕು ಎನ್ನುತ್ತೀರಲ್ಲ, ಅವರ ಹೊಟ್ಟೆಗೇನು ಮಾಡಿದ್ದೀರಿ?

ಮೊದಲು ನಮ್ಮ ಅಭಿಮಾನ ಯಾವುದರ ಮೇಲೆ ನಿಂತಿದೆ ಎಂಬುದನ್ನು ನೋಡೋಣ. 2008ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ಕನ್ನಡವನ್ನು ಶಾಸ್ತ್ರೀಯ ಭಾಷೆಯೆಂದು ಸಾರಿತು. ನಾವೆಲ್ಲ ಸಿಹಿ ಹಂಚಿದೆವು. ಭಾಷೆ ಪ್ರಾಚೀನವೆಂದು ಸಾಧಿಸಲು ಬೇಕಾದ ಆಧಾರ ಎಲ್ಲಿಂದ ಬಂತು? ಬಹುಪಾಲು ಕಲ್ಲಿನಿಂದ ಬಂತು. ಐದನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಹಲ್ಮಿಡಿ ಶಾಸನದಿಂದ, ಅದರ ನಂತರದ ಸಾವಿರಾರು ವೀರಗಲ್ಲು, ದಾನಶಾಸನ, ಕೆರೆಯ ಶಾಸನಗಳಿಂದ ಬಂತು. ಕಲ್ಲು ತಾನಾಗಿ ಮಾತಾಡಲಿಲ್ಲ. ಯಾರೋ ಬಿಸಿಲಿನಲ್ಲಿ ನಿಂತು ಅದನ್ನು ತೊಳೆದು, ಪಡಿಯಚ್ಚು ತೆಗೆದು, ಅಕ್ಷರ ಅಕ್ಷರವಾಗಿ ಓದಿ, ಅಚ್ಚಿಗೆ ಕೊಟ್ಟರು. ಆ ಯಾರೋ ಎಂಬವರಿಗೆ ತಿಂಗಳ ಸಂಬಳವಿತ್ತು ಎಂಬುದೇ ನಾನು ಹೇಳಬೇಕಾದ ಮಾತು.

ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ 1885ರಲ್ಲಿ ಹುಟ್ಟಿತು. ಬಿ. ಎಲ್. ರೈಸ್ ಅದರ ಮುಖ್ಯಸ್ಥರಾಗಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಹೊರತಂದರು. ಅವರ ಕೈಕೆಳಗೆ ಸಹಾಯಕರಾಗಿ ದುಡಿದ ಆರ್. ನರಸಿಂಹಾಚಾರ್ಯರು 1906ರಲ್ಲಿ ರೈಸರ ಸ್ಥಾನಕ್ಕೆ ಬಂದರು. 'ಕರ್ಣಾಟಕ ಕವಿಚರಿತೆ'ಯನ್ನು ಬರೆದವರೂ ಇವರೇ. ಮುಂದೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಬಂದರು. ಅವರ ಬಳಿಕ ಎಂ. ಎಚ್. ಕೃಷ್ಣ ಬಂದರು, 1929ರಲ್ಲಿ ಚಂದ್ರವಳ್ಳಿಯನ್ನು ಅಗೆಸಿದವರೂ 1936ರಲ್ಲಿ ಹಲ್ಮಿಡಿಯ ಕಲ್ಲನ್ನು ಲೋಕಕ್ಕೆ ತೋರಿಸಿದವರೂ ಇವರು. ಈ ಸಾಲನ್ನು ಗಮನಿಸಿ. ಒಬ್ಬರು ಹುದ್ದೆಯಲ್ಲಿರುವಾಗಲೇ ಇನ್ನೊಬ್ಬರು ಪಕ್ಕದಲ್ಲಿ ನಿಂತು ಕಲಿತರು. ಹುದ್ದೆ ಮೊದಲು, ವಿದ್ವತ್ತು ಆಮೇಲೆ, ಕೀರ್ತಿ ಕೊನೆಗೆ. ಇಂದು ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ಕೀರ್ತಿ ತಾ, ಆಮೇಲೆ ನೋಡೋಣ ಎನ್ನುತ್ತಿದ್ದೇವೆ.

ಇದೆಲ್ಲ ಕರ್ನಾಟಕದ ಮಾತಾಯಿತು, ಮದರಾಸಿನಲ್ಲಿರುವ ನಮಗೇನು ಎನ್ನುವವರಿಗೆ ಒಂದಿಷ್ಟು ಹತ್ತಿರದ ಸಂಗತಿ ಹೇಳುತ್ತೇನೆ. ಪೆರುಂಗುಡಿಯಿಂದ ಪಶ್ಚಿಮಕ್ಕೆ ಹೊರಟರೆ ವಿಮಾನ ನಿಲ್ದಾಣದ ಆಚೆ ಪಲ್ಲಾವರ ಸಿಗುತ್ತದೆ. ಅಲ್ಲಿ 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಕಲ್ಲಿನ ಕೈಗೊಡಲಿಯೊಂದು ಸಿಕ್ಕಿತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಆ ದಿನ ಆರಂಭವಾಯಿತೆಂದು ಪುಸ್ತಕಗಳು ಹೇಳುತ್ತವೆ. ಅದೇ ಫೂಟ್ ಮುಂದೆ ಬಳ್ಳಾರಿಯ ಬೆಟ್ಟಗಳನ್ನು ಹತ್ತಿ ಅಲ್ಲಿನ ನವಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಅವರು ಕೂಡಿಸಿದ ವಸ್ತುಗಳು ಎಗ್ಮೋರಿನ ಮ್ಯೂಸಿಯಮ್ಮಿನಲ್ಲಿವೆ. ಅವರೂ ಸರ್ಕಾರಿ ನೌಕರರೇ.

1945ರಲ್ಲಿ ಮಾರ್ಟಿಮರ್ ವೀಲರ್ ಪಾಂಡಿಚೇರಿಯ ಪಕ್ಕದ ಅರಿಕಮೇಡಿನಲ್ಲಿ ಅಗೆಸಿದರು. ರೋಮಿನಿಂದ ಬಂದ ಮಡಕೆಗಳ ಜೊತೆಗೆ ಒಂದು ಬಗೆಯ ಗೆರೆಗೆರೆಯ ಮಡಕೆ ಅಲ್ಲಿ ಸಿಕ್ಕಿತು. ರೋಮಿನ ಮಡಕೆಯ ಕಾಲ ಗೊತ್ತಿದ್ದುದರಿಂದ ಗೆರೆಯ ಮಡಕೆಯ ಕಾಲವೂ ಗೊತ್ತಾಯಿತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅದೇ ಬಗೆಯ ಚೂರುಗಳು ಬಂದಾಗ, ಅವುಗಳ ಕೆಳಗಿನ ಪದರಗಳಿಗೂ, ಅಲ್ಲಿನ ಬೃಹತ್ ಶಿಲಾಸಮಾಧಿಗಳ ಜನರಿಗೂ ಕಾಲ ಹೇಳುವ ಒಂದು ಹಿಡಿ ದೊರೆಯಿತು. ತಮಿಳು ಕರಾವಳಿಯ ಬೋಕಿಯೊಂದು ಕನ್ನಡ ನಾಡಿನ ಚರಿತ್ರೆಯ ಬೀಗ ತೆಗೆಯಿತು.

ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಈ ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟವನ್ನು ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸೇರಿ ಸಂಪಾದಿಸಿ 1939ರಲ್ಲಿ ಹೊರತಂದರು. ಇನ್ನು ಕಾಂಚೀಪುರದ ಮಾತು. ಸೀರೆ ಕೊಳ್ಳಲು ಅಲ್ಲಿಗೆ ಹೋಗದ ಕನ್ನಡ ಮನೆ ಈ ಊರಿನಲ್ಲಿ ಒಂದೂ ಇರಲಾರದು. ಅಲ್ಲಿನ ಕೈಲಾಸನಾಥ ದೇವಾಲಯದ ಕಂಬವೊಂದರ ಮೇಲೆ ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಪಲ್ಲವರ ಕಂಚಿಯನ್ನು ಗೆದ್ದ ಅರಸ ದೇವರ ಸೊತ್ತನ್ನು ಕೊಳ್ಳೆ ಹೊಡೆಯದೆ ದೇವಾಲಯಕ್ಕೇ ಬಿಟ್ಟುಕೊಟ್ಟನೆಂದು ಅದು ಹೇಳುತ್ತದೆ. ಆ ಗೆಲುವಿನ ನೆನಪಿಗಾಗಿಯೇ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಸೀರೆಯಂಗಡಿಯ ವಿಳಾಸ ನಮಗೆಲ್ಲ ಬಾಯಿಪಾಠ. ಆ ಕಂಬವನ್ನು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ನಿಂತು ಓದಬಲ್ಲವರು ಎಷ್ಟು ಮಂದಿ?

ಇಂಥ ಕಂಬ ಓದಬಲ್ಲವರಾಗಲು ಎಷ್ಟು ವರ್ಷ ಬೇಕು, ಆ ವರ್ಷಗಳಲ್ಲಿ ಏನು ತಿನ್ನಬೇಕು ಎಂಬ ಲೆಕ್ಕವನ್ನು ಈಗ ನೋಡೋಣ. ಬಿ.ಎ. ಮೂರು ವರ್ಷ, ಎಂ.ಎ. ಎರಡು ವರ್ಷ. ಪಿಎಚ್.ಡಿ.ಗೆ ಐದು ವರ್ಷ ಎಂದರೂ ಅದು ಕನಿಷ್ಠದ ಮಾತು. ಉತ್ಖನನಕ್ಕೆ ಅನುಮತಿ, ಹಣ, ಪ್ರಯೋಗಾಲಯದ ಸರದಿ ಎಂದು ಕಾಯುವುದರಲ್ಲೇ ಒಂದೆರಡು ವರ್ಷ ಕಳೆದುಹೋಗುತ್ತದೆ. ಅಗೆಯುವ ಕಾಲ ಮಳೆ ಮುಗಿದ ಮೇಲಿನ ಕೆಲವೇ ತಿಂಗಳು. ಒಂದು ವರ್ಷ ತಪ್ಪಿದರೆ ಮುಂದಿನ ವರ್ಷವೇ ಗತಿ. ಯುಜಿಸಿಯ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಗೆದ್ದವರು ಪುಣ್ಯವಂತರು. ಅವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮುಂದಿನ ಹಂತದಲ್ಲಿ 42,000 ರೂಪಾಯಿ ಎಂದು ನಿಗದಿಯಾಯಿತು. ಗೆಲ್ಲದವರು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿದ್ದರೆ 8,000 ರೂಪಾಯಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅವರವರ ಹಣೆಬರಹ. ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು 1991ರಲ್ಲಿ ಕಟ್ಟಿದ್ದೇ ಕನ್ನಡದ ಸಂಶೋಧನೆಗೆಂದು. ಅಲ್ಲಿನ ಸಂಶೋಧನ ವಿದ್ಯಾರ್ಥಿಗಳು ಬಾಕಿ ಉಳಿದ ಶಿಷ್ಯವೇತನಕ್ಕಾಗಿ ಧರಣಿ ಕೂತ ಸುದ್ದಿಯನ್ನು ಈಚಿನ ವರ್ಷಗಳಲ್ಲಿ ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ಹೇಗೋ ಪಿಎಚ್.ಡಿ. ಮುಗಿಯಿತೆನ್ನಿ. ವಯಸ್ಸು ಮೂವತ್ತು ದಾಟಿತು. ಮುಂದೆ? ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಕೆಲಸ. 'ಅತಿಥಿ' ಎಂಬ ನಮ್ಮ ಹಳೆಯ ಮಾತಿಗೆ ಇಷ್ಟು ಅವಮಾನ ಇನ್ನೆಲ್ಲಿಯೂ ಆಗಿರಲಾರದು. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಯುಜಿಸಿ ಅರ್ಹತೆಯುಳ್ಳ ಅತಿಥಿಗೂ ಬಹುಕಾಲ ತಿಂಗಳಿಗೆ 13,000 ರೂಪಾಯಿಯಷ್ಟೆ ಇತ್ತು. ಅವರು ಬೀದಿಗಿಳಿದು ಮುಷ್ಕರ ಹೂಡಿದ ಮೇಲೆ 2022ರ ಜನವರಿಯಲ್ಲಿ ಅದನ್ನು ಗರಿಷ್ಠ 32,000ಕ್ಕೆ ಏರಿಸಲಾಯಿತು. ಏರಿಸಿದ್ದು ಒಳ್ಳೆಯದೇ. ಆದರೆ ರಜೆಯ ತಿಂಗಳುಗಳಲ್ಲಿ ಅತಿಥಿಗೆ ಸಂಬಳವಿಲ್ಲ, ಮುಂದಿನ ವರ್ಷ ಕರೆಯುತ್ತಾರೆಂಬ ಭರವಸೆಯಿಲ್ಲ. ಪುರಾತತ್ತ್ವ ಕಲಿತವರಿಗಂತೂ ಇನ್ನೊಂದು ತೊಡಕು. ಬಹುಪಾಲು ಕಾಲೇಜುಗಳಲ್ಲಿ ಆ ಹೆಸರಿನ ವಿಭಾಗವೇ ಇಲ್ಲ. ಇತಿಹಾಸದ ಬಾಲವಾಗಿ ಒಂದು ಪತ್ರಿಕೆಯಿದ್ದರೆ ದೊಡ್ಡದು.

ಉಳಿದದ್ದು ಉತ್ಖನನದ ಗುಂಡಿ. ಅಲ್ಲಿ ಗುತ್ತಿಗೆಯ ಮೇಲೆ, ಕೆಲವೊಮ್ಮೆ ದಿನಗೂಲಿಯ ಲೆಕ್ಕದಲ್ಲಿ, ಪದವಿ ಪಡೆದ ಹುಡುಗ ಹುಡುಗಿಯರು ದುಡಿಯುತ್ತಾರೆ. ಪದರ ಪದರವಾಗಿ ಮಣ್ಣು ಬಿಡಿಸುವುದು, ಚೂರಿಗೊಂದು ನಂಬರು ಹಾಕುವುದು, ನಕ್ಷೆ ಬರೆಯುವುದು, ರಾತ್ರಿ ಡೇರೆಯಲ್ಲಿ ಕೂತು ದಾಖಲೆ ಪುಸ್ತಕ ತುಂಬುವುದು ಎಲ್ಲವೂ ಅವರ ಪಾಲು. ಪತ್ರಿಕೆಯಲ್ಲಿ ಫೋಟೋ ಬರುವಾಗ ಅವರು ಚೌಕಟ್ಟಿನ ಹೊರಗಿರುತ್ತಾರೆ. ವರದಿ ಅಚ್ಚಾಗಲು ಹತ್ತಾರು ವರ್ಷ ಹಿಡಿದ ಉದಾಹರಣೆಗಳಿಗೆ ನಮ್ಮ ದೇಶದಲ್ಲಿ ಬರವಿಲ್ಲ. ವರದಿ ಬಂದಾಗ ಅದರಲ್ಲಿ ಅವರ ಹೆಸರು ಇರಬಹುದು, ಇಲ್ಲದಿರಬಹುದು. ಕೆಲಸ ಕೇಳಲು ಹೋದರೆ 'ಪ್ರಕಟಣೆ ಎಲ್ಲಿ?' ಎನ್ನುತ್ತಾರೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಊರಾಚೆಯ ಶಿಬಿರದಲ್ಲಿ ಶೌಚಾಲಯ ಇದೆಯೇ, ರಾತ್ರಿ ಕಾವಲಿದೆಯೇ, ಹೆರಿಗೆಯಾದರೆ ಗುತ್ತಿಗೆ ಉಳಿಯುತ್ತದೆಯೇ ಎಂದು ಕೇಳಲೂ ಅವರು ಹೆದರುತ್ತಾರೆ. ಕೇಳಿದವಳನ್ನು ಮುಂದಿನ ಸಲ ಕರೆಯದಿದ್ದರೆ ಏನು ಮಾಡುವುದು?

ಹಣವಿಲ್ಲ ಎಂಬುದು ಹಳೆಯ ನೆಪ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ಕುರಿತು ಮಹಾಲೇಖಪಾಲರು 2013ರಲ್ಲಿ ಕೊಟ್ಟ ವರದಿಯನ್ನು ನೋಡಿ. ಇಲಾಖೆ ತನ್ನ ಒಟ್ಟು ವೆಚ್ಚದಲ್ಲಿ ಶೋಧನೆ ಮತ್ತು ಉತ್ಖನನಕ್ಕೆ ಹಾಕುತ್ತಿದ್ದುದು ನೂರಕ್ಕೆ ಒಂದು ರೂಪಾಯಿಗಿಂತ ಕಡಿಮೆ. ತಪಾಸಣೆ ಮಾಡಿದ ಸ್ಮಾರಕಗಳಲ್ಲಿ 92 ಎಲ್ಲಿವೆಯೆಂದೇ ತಿಳಿಯಲಿಲ್ಲ. ಸ್ಮಾರಕವೇ ಕಳೆದುಹೋಗುವ ಕಡೆ ಅದನ್ನು ನೋಡಿಕೊಳ್ಳುವ ಹುದ್ದೆ ಕಳೆದುಹೋದರೆ ಆಶ್ಚರ್ಯವೇನು?

ನಮ್ಮ ಪೆರುಂಗುಡಿಯಲ್ಲಿಯೂ ಅಗೆತ ನಡೆದಿದೆ, ಗೊತ್ತಲ್ಲ. ಪಳ್ಳಿಕರಣೆ ಜವುಗಿನ ಅಂಚಿನಲ್ಲಿ ಹತ್ತಾರು ವರ್ಷ ಸುರಿದ ಕಸದ ಗುಡ್ಡವನ್ನು ಅಗೆದು ಬೇರ್ಪಡಿಸಲು ನಗರಪಾಲಿಕೆ ಟೆಂಡರು ಕರೆಯಿತು, ಯಂತ್ರಗಳು ಬಂದವು, ಕೋಟಿಗಟ್ಟಲೆ ಹಣ ಬಂತು. ಬರಬೇಕಾದದ್ದೇ, ಅದರ ಹೊಗೆ ಕುಡಿದವರು ನಾವು. ಬ್ರಹ್ಮಗಿರಿಯಲ್ಲಿ ಸಿಕ್ಕ ಮಡಕೆಚೂರೂ ಒಂದು ಕಾಲದ ಮನೆಯ ಕಸವೇ. ನಿನ್ನೆಯ ಕಸಕ್ಕೆ ಹಣ ಹುಟ್ಟಿಸಲು ಬಲ್ಲ ದೇಶಕ್ಕೆ ಎರಡು ಸಾವಿರ ವರ್ಷದ ಹಿಂದಿನ ಕಸವನ್ನು ಓದುವವನಿಗೆ ಹನ್ನೆರಡು ತಿಂಗಳ ಸಂಬಳ ಹುಟ್ಟಿಸಲು ಬಾರದೆಂದರೆ ನಂಬುವುದು ಹೇಗೆ?

ಈಗ ನಮಗೆ ನಾಚಿಕೆಯಾಗಬೇಕಾದ ಒಂದು ಸಂಗತಿ ಹೇಳುತ್ತೇನೆ. ಗ್ರೇಟರ್ ನೊಯಿಡಾದಲ್ಲಿ ಕೇಂದ್ರದ ಪುರಾತತ್ತ್ವ ಇಲಾಖೆಗೆ ಸೇರಿದ ಪಂಡಿತ ದೀನದಯಾಳ್ ಉಪಾಧ್ಯಾಯ ಪುರಾತತ್ತ್ವ ಸಂಸ್ಥೆಯಿದೆ. ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ, ಕೆಲವೇ ಸೀಟು. 2020ರಲ್ಲಿ ಅದು ಪ್ರವೇಶದ ಜಾಹೀರಾತು ಹೊರಡಿಸಿತು. ಭಾಷೆಗಳಲ್ಲಿ ಎಂ.ಎ. ಮಾಡಿದವರು ಅರ್ಜಿ ಹಾಕಬಹುದೆಂದು ಹೇಳಿ ಸಂಸ್ಕೃತ, ಪಾಲಿ, ಪ್ರಾಕೃತ, ಅರಬ್ಬಿ, ಪಾರಸಿಗಳನ್ನು ಹೆಸರಿಸಿತು. ತಮಿಳಿಲ್ಲ. ಕನ್ನಡವೂ ಇಲ್ಲ, ತೆಲುಗೂ ಇಲ್ಲ. ತಮಿಳುನಾಡು ಎದ್ದು ನಿಂತಿತು. ಆಗಿನ ಮುಖ್ಯಮಂತ್ರಿಗಳು ಪ್ರಧಾನಿಗೆ ಕಾಗದ ಬರೆದರು, ವಿರೋಧ ಪಕ್ಷ ದನಿಗೂಡಿಸಿತು, ಮಾತು ನ್ಯಾಯಾಲಯಕ್ಕೂ ಹೋಯಿತು. ಅಕ್ಟೋಬರ್ ತಿಂಗಳಲ್ಲೇ ತಿದ್ದಿದ ಜಾಹೀರಾತು ಬಂತು. ಅದರಲ್ಲಿ ತಮಿಳಿನ ಜೊತೆಗೆ ತೆಲುಗು, ಕನ್ನಡ, ಮಲಯಾಳ, ಒಡಿಯಾ ಎಲ್ಲ ಸೇರಿದ್ದವು. ಕನ್ನಡ ಎಂ.ಎ. ಮಾಡಿದ ಹುಡುಗನಿಗೆ ಆ ಬಾಗಿಲು ತೆರೆದದ್ದು ನೆರೆಯವರು ತಟ್ಟಿದ್ದರಿಂದ. ಆ ದಿನಗಳಲ್ಲಿ ಈ ನಗರದಲ್ಲೇ ಕೂತಿದ್ದ ನಾವು ಎಷ್ಟು ಕಾಗದ ಬರೆದೆವು? ನೆರೆಮನೆಯವರು ಒಲೆ ಹಚ್ಚಿದರೆ ನಮ್ಮ ಮನೆಯ ಚಳಿಯೂ ಹೋಗುತ್ತದೆಂದು ಕೂತಿರುವುದು ಮರ್ಯಾದೆಯೇ?

ಅದರ ಮರುವರ್ಷ, 2021ರ ಆಗಸ್ಟಿನಲ್ಲಿ, ಮದರಾಸು ಹೈಕೋರ್ಟಿನ ಮಧುರೆ ಪೀಠ ಮೈಸೂರಿನಲ್ಲಿದ್ದ ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ತರಬೇಕೆಂದು ಆಜ್ಞೆ ಮಾಡಿತು. ಕೇಂದ್ರದ ಶಾಸನ ಶಾಖೆಯ ಮುಖ್ಯ ಕಚೇರಿ 1966ರಿಂದ ಮೈಸೂರಿನಲ್ಲಿದೆ. ಈ ಸುದ್ದಿ ಕೇಳಿ ನಮ್ಮವರಲ್ಲಿ ಕೆಲವರಿಗೆ ಕೋಪ ಬಂತು. ನನಗೆ ಬಂದದ್ದು ಬೇರೆ ಯೋಚನೆ. ಆ ಪಡಿಯಚ್ಚುಗಳನ್ನು ತಮಗೆ ಬೇಕೆಂದು ಕೇಳುವ ಜನ ಅವರಲ್ಲಿದ್ದಾರೆ. ನಮ್ಮ ಪಡಿಯಚ್ಚುಗಳು ನಮ್ಮ ಊರಲ್ಲೇ ಇವೆ. ಅವುಗಳನ್ನು ಬಿಡಿಸಿ ಓದಲು ಹೊಸ ಕೈಗಳು ಬೇಕೆಂದು ನಾವು ಎಂದಾದರೂ ಕೇಳಿದ್ದೇವೆಯೇ? ಪೆರುಂಗುಡಿಗೆ ದಕ್ಷಿಣದಲ್ಲಿ, ಪೆರುಂಬಾಕ್ಕದಲ್ಲಿ, ಶಾಸ್ತ್ರೀಯ ತಮಿಳಿನ ಕೇಂದ್ರೀಯ ಸಂಸ್ಥೆಗೆ ಸ್ವಂತ ಕಟ್ಟಡವಾಗಿ 2022ರ ಜನವರಿಯಲ್ಲಿ ಅದರ ಉದ್ಘಾಟನೆಯೂ ಆಯಿತು. ಶಾಸ್ತ್ರೀಯ ಕನ್ನಡದ ಕೇಂದ್ರ ಮೈಸೂರಿನಲ್ಲಿ ಇನ್ನೊಂದು ಸಂಸ್ಥೆಯ ಆಶ್ರಯದಲ್ಲಿ ಹುಟ್ಟಿ, ಸ್ವಾಯತ್ತತೆ ಕೊಡಿ ಎಂದು ವರ್ಷಗಟ್ಟಲೆ ಅರ್ಜಿ ಹಿಡಿದು ನಿಂತಿತು.

ಹಾಗೆಂದು ನೆರೆಯವರು ಮಾಡಿದ್ದನ್ನೆಲ್ಲ ಕಣ್ಣುಮುಚ್ಚಿ ಮಾಡೋಣ ಎನ್ನುವವನಲ್ಲ ನಾನು. ಕೀಳಡಿಯ ಕಥೆ ನಮ್ಮ ಕಣ್ಣೆದುರಿಗಿದೆ. ಕೇಂದ್ರ ಇಲಾಖೆಯ ಕೆ. ಅಮರನಾಥ ರಾಮಕೃಷ್ಣ ಅಲ್ಲಿ ಅಗೆತ ಆರಂಭಿಸಿದರು. 2017ರಲ್ಲಿ ಅವರನ್ನು ಅಸ್ಸಾಮಿಗೆ ವರ್ಗ ಮಾಡಿದರು. 2018ರಿಂದ ರಾಜ್ಯದ ಇಲಾಖೆ ಕೆಲಸ ಮುಂದುವರಿಸಿತು, 2023ರಲ್ಲಿ ಮ್ಯೂಸಿಯಂ ತೆರೆಯಿತು. ಅದೇ ವರ್ಷ ರಾಮಕೃಷ್ಣ ಸಲ್ಲಿಸಿದ ವರದಿಯನ್ನು ತಿದ್ದಿ ಕೊಡಿ ಎಂದು 2025ರಲ್ಲಿ ಇಲಾಖೆ ಕೇಳಿತು. ಅವರು ತಮ್ಮ ನಿರ್ಣಯಕ್ಕೆ ಅಂಟಿಕೊಂಡರು. ಮತ್ತೆ ವರ್ಗವಾಯಿತು. ಇದರಲ್ಲಿ ಯಾರು ಸರಿ ಎಂಬ ಚರ್ಚೆ ಪಂಡಿತರಿಗಿರಲಿ. ನಾನು ಕೇಳುವುದು ಇಷ್ಟೆ: ದೊಡ್ಡ ಅಧಿಕಾರಿಯ ಗತಿಯೇ ಹೀಗಾದರೆ, ಮೂರು ತಿಂಗಳ ಗುತ್ತಿಗೆಯ ಮೇಲಿರುವ ಇಪ್ಪತ್ತೆಂಟು ವರ್ಷದ ಸಂಶೋಧಕಿ ತನಗೆ ಕಂಡ ಸತ್ಯವನ್ನು ಯಾವ ಧೈರ್ಯದಿಂದ ಬರೆದಾಳು?

ನಮ್ಮಲ್ಲೂ ಆ ರೋಗವಿದೆ. ಯಾವುದೇ ಊರಲ್ಲಿ ಕಲ್ಲು ಸಿಕ್ಕಿದರೆ 'ಹಲ್ಮಿಡಿಗಿಂತ ಹಳೆಯದೋ?' ಎಂಬುದೇ ನಮ್ಮ ಮೊದಲ ಪ್ರಶ್ನೆ. ಹೌದೆಂದವನಿಗೆ ಹಾರ, ಅಲ್ಲವೆಂದವನಿಗೆ ನಾಡದ್ರೋಹಿಯ ಪಟ್ಟ. ಕಾಲವನ್ನು ನೂರು ವರ್ಷ ಹಿಂದಕ್ಕೆ ತಳ್ಳುವ ವಕೀಲ ನಮಗೆ ಬೇಡ. 'ಕ್ಷಮಿಸಿ, ನೀವು ತಿಳಿದಷ್ಟು ಇದು ಹಳೆಯದಲ್ಲ' ಎಂದು ಹೇಳಿಯೂ ಮರುದಿನ ಕೆಲಸಕ್ಕೆ ಬರಬಲ್ಲ ವಿದ್ವಾಂಸ ಬೇಕು. ಅದಕ್ಕೆ ಕಾಯಂ ಹುದ್ದೆ ಬೇಕು. ಕಾಯಂ ಹುದ್ದೆ ಎಂದರೆ ಸೋಮಾರಿಗೆ ಹಾಸಿಗೆ ಎಂದು ನಗುವವರು ಈ ಮಾತನ್ನು ಮನಸ್ಸಿನಲ್ಲಿಡಲಿ.

ಇಲ್ಲಿ ಕೆಲವರು ಅಡ್ಡ ಮಾತು ಹಾಕುತ್ತಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಉತ್ಸಾಹಿಗಳು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರಲ್ಲ, ಅವರಲ್ಲಿ ಇಂಜಿನಿಯರುಗಳೂ ಇದ್ದಾರಲ್ಲ, ಮತ್ತೇಕೆ ಹುದ್ದೆ ಎನ್ನುತ್ತಾರೆ. ಆ ಕೆಲಸಕ್ಕೆ ನನ್ನ ನಮಸ್ಕಾರ. ರಸ್ತೆ ಅಗಲವಾಗುವಾಗ ಒಡೆದುಹೋಗಬಹುದಾದ ಕಲ್ಲುಗಳನ್ನು ಅವರು ಉಳಿಸುತ್ತಿದ್ದಾರೆ. ಆದರೆ ಭಾನುವಾರದ ಪ್ರೀತಿಯಿಂದ ವಾರದ ಏಳೂ ದಿನದ ಕೆಲಸ ಸಾಗದು. ರಕ್ತದಾನ ಮಾಡುವವರಿದ್ದಾರೆಂದು ಯಾರಾದರೂ ವೈದ್ಯರ ಹುದ್ದೆ ತೆಗೆಯುತ್ತಾರೆಯೇ?

ಯಂತ್ರವೇ ಓದುತ್ತದೆ, ಕೃತಕ ಬುದ್ಧಿ ಬಂದಿದೆ ಎನ್ನುವವರು ಇನ್ನು ಕೆಲವರು. ನಮ್ಮ ಪೆರುಂಗುಡಿಯ ಕಚೇರಿಗಳಲ್ಲಿ ಈ ಮಾತು ಹೆಚ್ಚು. ಬರಲಿ, ಸಹಾಯವಾಗಲಿ. ಆದರೆ ಆ ಯಂತ್ರಕ್ಕೆ ಕದಂಬರ ಕಾಲದ 'ಮ' ಯಾವುದು, ಹೊಯ್ಸಳರ ಕಾಲದ 'ಮ' ಯಾವುದು ಎಂದು ಕಲಿಸುವವರು ಯಾರು? ಅದು ತಪ್ಪು ಓದಿದಾಗ ತಪ್ಪೆಂದು ಹಿಡಿಯುವವರು ಯಾರು? ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಕಾಗದವನ್ನು ಅಕ್ಷರದ ಗುಳಿಗೆ ಇಳಿಸಿ, ಮೇಲೆ ಮಸಿ ತಟ್ಟುವ ಕೆಲಸ ಕೈಗೆ ಹತ್ತಲು ವರ್ಷಗಳು ಬೇಕು. ಸವೆದ ಗೆರೆ ಯಾವುದು, ಕಲ್ಲಿನ ಬಿರುಕು ಯಾವುದು ಎಂದು ಬೆರಳಿಗೆ ಗೊತ್ತಾಗಲು ಇನ್ನೂ ಹೆಚ್ಚು ವರ್ಷ ಬೇಕು. ಬಲ್ಲವರು ನಿವೃತ್ತರಾಗುವ ಮುನ್ನ ಅವರ ಪಕ್ಕದಲ್ಲಿ ಕಲಿಯುವವರು ನಿಂತಿರಬೇಕು. ನರಸಿಂಹಾಚಾರ್ಯರು ರೈಸರ ಪಕ್ಕದಲ್ಲಿ ನಿಂತಂತೆ. ಒಂದು ತಲೆಮಾರು ತಪ್ಪಿದರೆ ಆ ವಿದ್ಯೆಯನ್ನು ಕೊಂಡು ತರಲು ಅಂಗಡಿ ಇಲ್ಲ.

ರಸ್ತೆ, ನೀರು, ಆಸ್ಪತ್ರೆ ಮೊದಲಲ್ಲವೆ ಎನ್ನುವವರೂ ಇದ್ದಾರೆ. ಅವರಿಗೂ ಉತ್ತರವಿದೆ. ಇಲ್ಲಿ ಬೇಡುತ್ತಿರುವುದು ಅಣೆಕಟ್ಟಿನ ಹಣವಲ್ಲ. ಒಂದು ಉತ್ಸವದ ದೀಪಾಲಂಕಾರ, ಒಂದು ಸಮ್ಮೇಳನದ ಪೆಂಡಾಲು, ಒಂದು ಜಾಹೀರಾತಿನ ಪುಟ ಇವುಗಳಿಗೆ ಖರ್ಚಾಗುವ ಮೊತ್ತದಲ್ಲಿ ಹಲವು ತರುಣರ ವರ್ಷದ ಅನ್ನವಿದೆ. ಹಂಪಿ, ಬಾದಾಮಿ, ಬೇಲೂರುಗಳ ಚಿತ್ರ ಹಾಕಿ ಪ್ರವಾಸಿಗರನ್ನು ಕರೆಯುವ ಸರ್ಕಾರ ಆ ಚಿತ್ರದ ಅರ್ಥ ಹೇಳಬಲ್ಲವರಿಗೆ ಗುತ್ತಿಗೆಯ ಚೀಟಿ ಕೊಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಹಾಗಾದರೆ ಏನು ಕೇಳಬೇಕು? ಒಂದು: ರಾಜ್ಯದ ಪುರಾತತ್ತ್ವ ಇಲಾಖೆಯಲ್ಲಿ, ವಿಶ್ವವಿದ್ಯಾಲಯಗಳ ಪ್ರಾಚೀನ ಇತಿಹಾಸ ಮತ್ತು ಶಾಸನ ವಿಭಾಗಗಳಲ್ಲಿ ಖಾಲಿಯಿರುವ ಹುದ್ದೆಗಳನ್ನು ಪ್ರತಿವರ್ಷ ನಿಗದಿಯಾದ ತಿಂಗಳಲ್ಲಿ ತುಂಬಬೇಕು. ಹತ್ತು ವರ್ಷಕ್ಕೊಮ್ಮೆ ಜಾಹೀರಾತು ಬಂದರೆ ನಡುವಿನವರ ವಯಸ್ಸು ಮೀರುತ್ತದೆ. ಎರಡು: ಪುರಾತತ್ತ್ವ ಸಂಶೋಧನೆಗೆ ನೋಂದಾಯಿಸಿದ ಪ್ರತಿಯೊಬ್ಬರಿಗೂ ಬದುಕಲು ಸಾಕಾಗುವ ಶಿಷ್ಯವೇತನ ತಿಂಗಳು ತಿಂಗಳು ಕೈಗೆ ಬರಬೇಕು. ವರ್ಷದ ಬಾಕಿಯನ್ನು ಒಟ್ಟಿಗೆ ಕೊಟ್ಟರೆ ಅಷ್ಟರಲ್ಲಿ ಸಾಲಗಾರ ಬಡ್ಡಿ ಸಮೇತ ಕಾದಿರುತ್ತಾನೆ. ಮೂರು: ಗುತ್ತಿಗೆಯ ಮೇಲೆ ಉತ್ಖನನದಲ್ಲಿ ದುಡಿದ ವರ್ಷಗಳನ್ನು ಅನುಭವವೆಂದು ಲೆಕ್ಕ ಹಿಡಿದು, ನೇಮಕದಲ್ಲಿ ವಯಸ್ಸಿನ ರಿಯಾಯಿತಿ ಕೊಡಬೇಕು. ನಾಲ್ಕು: ಶಿಬಿರದಲ್ಲಿ ಅಪಘಾತ ವಿಮೆ, ಶೌಚಾಲಯ, ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿ ಇಲ್ಲದೆ ಅಗೆತಕ್ಕೆ ಅನುಮತಿಯೇ ಸಿಗಬಾರದು. ಐದು: ಅಗೆತ ಮುಗಿದು ಇಂತಿಷ್ಟು ವರ್ಷದೊಳಗೆ ವರದಿ ಅಚ್ಚಾಗಬೇಕು, ಗುಂಡಿಯಲ್ಲಿ ದುಡಿದ ಪ್ರತಿಯೊಬ್ಬರ ಹೆಸರೂ ಅದರಲ್ಲಿರಬೇಕು.

ಇವು ಆಗದ ಮಾತುಗಳಲ್ಲ. ಸಾಗರ ಸೀಮೆಯ ಆನಂದಪುರದಲ್ಲಿ ಹುಟ್ಟಿದ ಎಸ್. ಆರ್. ರಾವ್ ಗುಜರಾತಿನ ಲೋಥಲ್ ನೆಲೆಯನ್ನು ಬೆಳಕಿಗೆ ತಂದರು. ಕರ್ನಾಟಕದ ಇಲಾಖೆಯಲ್ಲಿ ನಿರ್ದೇಶಕರಾಗಿದ್ದ ಎಂ. ಎಸ್. ನಾಗರಾಜರಾವ್ 1984ರಲ್ಲಿ ಇಡೀ ದೇಶದ ಪುರಾತತ್ತ್ವ ಇಲಾಖೆಗೆ ಮಹಾನಿರ್ದೇಶಕರಾದರು. ಅವರಿಗೂ ನಮ್ಮ ಮಕ್ಕಳಿಗೂ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ. ಅವರು ಕಾಲಿಟ್ಟಾಗ ಏಣಿಗೆ ಮೆಟ್ಟಿಲುಗಳಿದ್ದವು. ಈಗ ಏಣಿಯ ತುದಿಯನ್ನು ಮಾತ್ರ ತೋರಿಸಿ ಹತ್ತು ಎನ್ನುತ್ತಿದ್ದೇವೆ.

ಇನ್ನು ನಮ್ಮ ಪಾಲಿನ ಕರ್ತವ್ಯ. ಚೆನ್ನೈಯ ಕನ್ನಡಿಗರು ಬಡವರಲ್ಲ. ನಾವು ಸೇರಿ ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ, ತಮಿಳುನಾಡಿನಲ್ಲಿರುವ ಕನ್ನಡ ಶಾಸನಗಳನ್ನು ಕುರಿತು ಕೆಲಸ ಮಾಡುವವರಿಗೆ, ಶಿಷ್ಯವೇತನ ಕೊಡಬಹುದು. ಇಲ್ಲಿಗೆ ಆಕರ ಹುಡುಕಿಕೊಂಡು ಬರುವ ಸಂಶೋಧಕರಿಗೆ ಲಾಡ್ಜಿನ ಖರ್ಚಿಲ್ಲದಂತೆ ನಮ್ಮ ಮನೆಗಳಲ್ಲಿ ನಾಲ್ಕು ದಿನ ಊಟ ವಸತಿ ಕೊಡಬಹುದು. ಎಗ್ಮೋರಿನ ಮ್ಯೂಸಿಯಮ್ಮಿಗೆ, ಗ್ರಂಥಾಲಯಗಳಿಗೆ ದಾರಿ ತೋರಿಸಬಹುದು. ಸಂಘದ ಮುಂದಿನ ಪ್ರವಾಸ ಕಾಂಚಿಗೆ ಹೋಗಲಿ. ಸೀರೆಯಂಗಡಿಗೆ ಮುನ್ನ ಆ ಕಂಬದ ಮುಂದೆ ಅರ್ಧ ಗಂಟೆ ನಿಲ್ಲೋಣ, ಓದಿ ಹೇಳಬಲ್ಲ ತರುಣರೊಬ್ಬರನ್ನು ಕರೆದೊಯ್ದು ಅವರಿಗೆ ಗೌರವಧನ ಕೊಡೋಣ. ಪುಕ್ಕಟೆ ಉಪನ್ಯಾಸ ಕೇಳುವ ಅಭ್ಯಾಸ ನಮಗೂ ಇದೆ, ಅದನ್ನು ಇನ್ನಾದರೂ ಬಿಡೋಣ.

ಆದರೆ ಇದರಿಂದ ನಮ್ಮ ಹೊಣೆ ತೀರಿತೆಂದು ತಿಳಿಯಬಾರದು. ನಾವು ಕೊಡುವ ಹಣ ಒಬ್ಬರ ಒಂದು ವರ್ಷಕ್ಕೆ ಸಾಕಾದೀತು. ಒಂದು ವಿದ್ಯೆ ಉಳಿಯಲು ಸರ್ಕಾರದ ಹುದ್ದೆಗಳೇ ಬೇಕು. ರಾಜ್ಯೋತ್ಸವಕ್ಕೆಂದು ಬೆಂಗಳೂರಿನಿಂದ ಮಂತ್ರಿಗಳು, ಅಕಾಡೆಮಿಯ ಅಧ್ಯಕ್ಷರು, ಕುಲಪತಿಗಳು ನಮ್ಮ ವೇದಿಕೆಗೆ ಬರುತ್ತಾರೆ. ಹಲ್ಮಿಡಿಯಿಂದ ಮಾತು ಆರಂಭಿಸುತ್ತಾರೆ, ನಾವು ಚಪ್ಪಾಳೆ ತಟ್ಟಿ ಶಾಲು ಹೊದಿಸಿ ಮೈಸೂರು ಪೇಟ ಇಟ್ಟು ಕಳಿಸುತ್ತೇವೆ. ಈ ನವೆಂಬರಿನಲ್ಲಿ ಶಾಲಿನ ಜೊತೆಗೆ ಮೇಲೆ ಹೇಳಿದ ಐದು ಬೇಡಿಕೆಗಳ ಮನವಿಯನ್ನೂ ಅವರ ಕೈಗೆ ಕೊಡೋಣ. ಖಾಲಿ ಹುದ್ದೆ ಎಷ್ಟು, ತುಂಬುವುದು ಎಂದು ಎಂದು ಸಭೆಯಲ್ಲೇ ಕೇಳೋಣ. ಅವರು ಹೇಳಿದ ಉತ್ತರವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕೋಣ. ಮುಂದಿನ ನವೆಂಬರಿನಲ್ಲಿ ಆ ಪುಟವನ್ನೇ ತೆಗೆದು ಅವರ ಮುಂದೆ ಓದೋಣ.